ಲ್ಯಾಮಿನೇಷನ್ ಅಂಗಡಿಗೆ ಹೊರಟ ಸೊಸೆಗೆ

ಎಲ್ಲರಿಗೂ ಶರಣು. ಸಣ್ಣ ಸೊಸೆ ರಾತ್ರಿ ಹಾಕಿದ ಪ್ರಶ್ನೆಯನ್ನು ಈಗ ನೋಡಿದೆ. ಮುಂಡರಗಿ ಮನೆಯ ಮಾಳಿಗೆ ಸೋರಿ ಅಜ್ಜನ ಟ್ರಂಕಿನೊಳಗೆ ನೀರು ಹೋಗಿದೆಯಂತೆ. ಕಾಗದಗಳು ಒಂದಕ್ಕೊಂದು ಅಂಟಿಕೊಂಡಿವೆ, ಫೋಟೋಗಳು ಹಸಿಯಾಗಿವೆ, ನಾಳೆ ಗದಗಕ್ಕೆ ಒಯ್ದು ಎಲ್ಲವನ್ನೂ ಲ್ಯಾಮಿನೇಷನ್ ಮಾಡಿಸಲೇ ದೊಡ್ಡಮಾವ, ಎಂದು ಕೇಳಿದ್ದಾಳೆ. ಕೆಳಗೆ ಹನ್ನೊಂದು ಮಂದಿ ಹೆಬ್ಬೆರಳು ಎತ್ತಿದ್ದಾರೆ. ಎತ್ತಿದವರಲ್ಲಿ ಒಬ್ಬರಾದರೂ ಆ ಟ್ರಂಕನ್ನು ತೆರೆದು ನೋಡಿದ್ದೀರಾ?

ಬೇಡ ತಾಯಿ. ಲ್ಯಾಮಿನೇಷನ್ ಮಾಡಿಸಬೇಡ. ಏಕೆಂದರೆ ಅದನ್ನು ಮಾಡಿಸಿ ಕೆಟ್ಟವನು ನಾನೇ.

ಅಜ್ಜ ಕಬಲಾಯತಕಟ್ಟಿಯ ಚಿನ್ನದ ಗಣಿಯಲ್ಲಿ ನಿಂತ ಫೋಟೋ ಹಿರಿಯರಿಗೆಲ್ಲ ಗೊತ್ತು. ಪಡಸಾಲೆಯಲ್ಲಿ ಬಸವಣ್ಣನ ಪಟದ ಪಕ್ಕದಲ್ಲಿಯೇ ಇತ್ತು. ವಿಲಾಯತಿ ಕಂಪನಿಗಳು ನಮ್ಮ ಗದಗ ಸೀಮೆಯ ಕಪ್ಪತ್ತಗುಡ್ಡದ ಸುತ್ತ ಬಾವಿ ಇಳಿಸಿ ಚಿನ್ನಕ್ಕಾಗಿ ಬೆಣಚುಕಲ್ಲು ಒಡೆಸುತ್ತಿದ್ದ ಕಾಲ ಅದು, ಹೋದ ಶತಮಾನದ ಮೊದಲ ಹತ್ತು ವರ್ಷ. ಒಂಬತ್ತು ಜನ ಸಾಲಾಗಿ ನಿಂತಿದ್ದಾರೆ, ಹಿಂದೆ ರಾಟೆ, ಪಕ್ಕದಲ್ಲಿ ಟೊಪ್ಪಿಗೆಯ ಸಾಹೇಬ. ನಮ್ಮ ಅಜ್ಜ ಎಡದಿಂದ ಮೂರನೆಯವನು, ಮೀಸೆ ಇನ್ನೂ ಮೂಡಿರಲಿಲ್ಲ. ಫೋಟೋದ ಹಿಂಬದಿಯಲ್ಲಿ ಯಾರೋ ಗುಮಾಸ್ತ ಪೆನ್ಸಿಲಿನಲ್ಲಿ ಒಂಬತ್ತು ಹೆಸರು ಬರೆದಿದ್ದ, ಮರಾಠಿ ಬರೆಯುತ್ತಿದ್ದ ಮೋಡಿ ಎಂಬ ಹಳೆಯ ಕೂಡುಬರಹದ ಲಿಪಿಯಲ್ಲಿ. ಆಗ ಶಿರಹಟ್ಟಿಯ ಕಡೆ ಸಾಂಗಲಿ ಸಂಸ್ಥಾನ, ಉಳಿದದ್ದು ಮುಂಬಯಿ ಇಲಾಖೆ. ಕಚೇರಿಯ ಬರಹದಲ್ಲಿ ಮೋಡಿಯೂ ನಡೆಯುತ್ತಿತ್ತು. ಮನೆಯಲ್ಲಿ ಓದಬಲ್ಲವರು ಯಾರೂ ಇರಲಿಲ್ಲ. ಧಾರವಾಡದಲ್ಲಿ ಮೋಡಿ ಬಲ್ಲವರೊಬ್ಬರಿಗೆ ತೋರಿಸಬೇಕೆಂದು ಅಪ್ಪ ಸಾಯುವವರೆಗೂ ಹೇಳಿದ. ತೋರಿಸೋಣ ಎಂದು ನಾನೂ ಹೇಳಿದೆ.

1994ರಲ್ಲಿ ನಾನು ಹುಬ್ಬಳ್ಳಿಯಲ್ಲಿದ್ದೆ. ಫೋಟೋದ ಮೂಲೆ ಹರಿಯತೊಡಗಿತ್ತು. ಒಂದು ಅಂಗಡಿಗೆ ಒಯ್ದೆ. ಹತ್ತು ರೂಪಾಯಿ, ಎರಡು ನಿಮಿಷ. ಯಂತ್ರದಿಂದ ಬಿಸಿಬಿಸಿಯಾಗಿ ಹೊರಬಂದಾಗ ಎಷ್ಟು ಮಿರಮಿರ ಮಿಂಚುತ್ತಿತ್ತೆಂದರೆ ಅಂಗಡಿಯವನಿಗೆ ಎರಡು ರೂಪಾಯಿ ಹೆಚ್ಚಿಗೆ ಕೊಟ್ಟು ಬಂದೆ. ಮರುವರ್ಷದ ಮಳೆಗಾಲಕ್ಕೆ ಅಜ್ಜನ ಹೆಗಲ ಮೇಲೆ ಒಂದು ಗುಳ್ಳೆ ಎದ್ದಿತು. ಅಂಗಡಿಯವನು ಅಂಚನ್ನು ಚಂದ ಕಾಣಲೆಂದು ಒತ್ತಾಗಿ ಕತ್ತರಿಸಿದ್ದ, ಅಲ್ಲಿಂದ ತೇವ ಒಳಗೆ ಹೋಗಿ ಬೂಷ್ಟು ಹಿಡಿಯಿತು. ಪ್ಲಾಸ್ಟಿಕ್ಕನ್ನು ಬಿಡಿಸಿದರೆ ಸರಿಹೋದೀತೆಂದು ಬ್ಲೇಡಿನಿಂದ ಕೊಯ್ದು ಎಳೆದೆ. ಅಜ್ಜನ ಮುಖ ಪ್ಲಾಸ್ಟಿಕ್ಕಿನ ಸಂಗಡ ಎದ್ದು ಬಂದಿತು. ಆ ಫೋಟೋದ ಚಿತ್ರ ಇದ್ದದ್ದು ಕಾಗದದಲ್ಲಲ್ಲ, ಕಾಗದದ ಮೇಲೆ ಸವರಿದ ಜೆಲಾಟಿನ್ ಎಂಬ ಅಂಟಿನ ಪದರದಲ್ಲಿ. ಬಿಸಿಗೆ ಅದು ಮೆತ್ತಗಾಗಿ ಪ್ಲಾಸ್ಟಿಕ್ಕಿಗೆ ಹತ್ತಿಕೊಂಡಿತ್ತು. ಇದನ್ನು ನಾನು ಕಲಿತದ್ದು ಆಮೇಲೆ. ಹಿಂಬದಿಯ ಪೆನ್ಸಿಲ್ ಅಕ್ಷರಗಳೂ ಎದ್ದುಹೋದವು. ಒಂಬತ್ತರಲ್ಲಿ ಎರಡು ಹೆಸರು ಉಳಿದವು. ಅವನ್ನು ಧಾರವಾಡದಲ್ಲಿ ಓದಿಸಿದೆ. ಒಂದು ನಮ್ಮ ಅಜ್ಜನದು. ಅದು ನಮಗೆ ಮೊದಲೇ ಗೊತ್ತಿತ್ತಲ್ಲ! ಉಳಿದವರೂ ಯಾರದೋ ಮನೆಯ ಅಜ್ಜಂದಿರು. ಡೋಣಿಯವರೋ, ಅತ್ತಿಕಟ್ಟಿಯವರೋ. ಅವರ ಮೊಮ್ಮಕ್ಕಳು ಬಂದು ಕೇಳಿದರೆ ತೋರಿಸಲು ನನ್ನ ಹತ್ತಿರ ಏನಿದೆ?

ಅದಕ್ಕೇ ಮತ್ತೆ ಹೇಳುತ್ತೇನೆ, ಮುದುಕನಿಗೆ ಹೇಳಿದ್ದನ್ನೇ ಹೇಳುವ ಚಟ ಎನ್ನಿ ಬೇಕಾದರೆ. ಲ್ಯಾಮಿನೇಷನ್ ಮಾಡಿಸಬೇಡ. ಸೆಲೋಟೇಪನ್ನೂ ಅಂಟಿಸಬೇಡ.

ಚಿನ್ನ ಎಂದೊಡನೆ ಎಲ್ಲರಿಗೂ ಕೋಲಾರವೇ. ಇರಲಿ, ಅದು ದೊಡ್ಡ ಗಣಿ, 2001ರಲ್ಲಿ ಮುಚ್ಚಿದಾಗ ನಾಡೆಲ್ಲ ಮರುಗಿತು. ಆದರೆ ರಾಬರ್ಟ್ ಬ್ರೂಸ್ ಫೂಟ್ ಎಂಬ ಭೂವಿಜ್ಞಾನಿ ನಮ್ಮ ಡಂಬಳ ಗುಡ್ಡದ, ಅಂದರೆ ಈ ಕಪ್ಪತ್ತಗುಡ್ಡದ ಸಾಲಿನ, ಚಿನ್ನದ ವಿಷಯ ಬರೆದದ್ದು 1874ರಲ್ಲಿ. ಅವನಿಗಿಂತ ಎಷ್ಟೋ ಮೊದಲಿನಿಂದ ಜಾಲಗಾರರು ಮಳೆ ಬಿದ್ದ ಮೇಲೆ ಸೊರಟೂರು ಹಳ್ಳದ ಮರಳು ತೊಳೆದು ಕಣಕಣ ಆರಿಸುತ್ತಿದ್ದರು. ಇದನ್ನು ನಮ್ಮ ಹುಡುಗರಿಗೆ ಹೇಳಿದರೆ ಮೊಬೈಲಿನಿಂದ ತಲೆ ಎತ್ತುವುದಿಲ್ಲ. ಗದಗಿನ ತೋಂಟದಾರ್ಯ ಮಠದ ಸಿದ್ಧಲಿಂಗ ಸ್ವಾಮಿಗಳಂಥವರು ಗುಡ್ಡದಲ್ಲಿ ಗಣಿಗಾರಿಕೆ ಬೇಡವೆಂದು ಹಟ ಹಿಡಿದು ನಿಂತರು, 2019ರಲ್ಲಿ ಕಪ್ಪತ್ತಗುಡ್ಡ ವನ್ಯಜೀವಿಧಾಮವಾಯಿತು, ಗಿಡಮೂಲಿಕೆಗಳಿಗೊಂದು ಆಸರೆಯಾಯಿತು. ಗುಡ್ಡದ ಹೊಟ್ಟೆಯಲ್ಲಿ ದುಡಿದವರ ಲೆಕ್ಕ ಯಾರ ಹತ್ತಿರ ಇದೆ?

ಹೊರಗಿನವರನ್ನು ಅಂದು ಏನು ಪ್ರಯೋಜನ. ಹೋದ ಸುಗ್ಗಿಯಲ್ಲಿ ನಮ್ಮ ಮನೆತನದ ವಂಶಾವಳಿ ಹೇಳುವ ಹೆಳವ ಬಂದಿದ್ದ. ಮೊದಲಿನಂತೆ ಎತ್ತಿನ ಮೇಲಲ್ಲ, ಮೋಟಾರ್ ಸೈಕಲ್ಲಿನ ಮೇಲೆ. ಏಳು ತಲೆಮಾರಿನ ಹೆಸರು ಅವನ ನಾಲಗೆಯ ಮೇಲಿದೆ. ಯಾರು ಯಾವ ಊರು ಬಿಟ್ಟು ಬಂದರು, ಯಾವ ಹೆಣ್ಣುಮಗಳನ್ನು ಎಲ್ಲಿಗೆ ಕೊಟ್ಟರು ಎಲ್ಲವೂ. ನಮ್ಮವರು ಕಿಟಕಿಯಿಂದಲೇ ಇಪ್ಪತ್ತು ರೂಪಾಯಿ ಚಾಚಿ ಕಳಿಸಿದರು. ಯಾರೆಂದು ಹೇಳುವುದಿಲ್ಲ, ಈ ಗುಂಪಿನಲ್ಲಿಯೇ ಇದ್ದಾರೆ. ಅವನ ಅಪ್ಪ ಬಂದಾಗ ನಮ್ಮ ಅವ್ವ ಒಂದು ಚೀಲ ಜೋಳ ಅಳೆದು, ಕಂಬಳಿ ಹಾಸಿ ಕೂಡಿಸಿ ಕೇಳುತ್ತಿದ್ದಳು. ವಾಟಣಿಯಾದಾಗಲೂ, ಅಂದರೆ ಆಸ್ತಿ ಪಾಲಾದಾಗಲೂ, ಅಷ್ಟೇ. ಹೊಲಕ್ಕೆ ಜಗಳ, ಹಿತ್ತಾಳೆಯ ಹಂಡೆಗೆ ಜಗಳ. ಟ್ರಂಕು ಬೇಕೆಂದವರು ಒಬ್ಬರೂ ಇಲ್ಲ, ಮಾಳಿಗೆ ಸೋರುವ ಕೋಣೆಗೆ ತಳ್ಳಿದಿರಿ. ಆಗ ನಾನೇಕೆ ಒಯ್ಯಲಿಲ್ಲ ಎಂದು ಕೇಳುತ್ತೀರಿ. ಹುಬ್ಬಳ್ಳಿಯಲ್ಲಿ ಬಾಡಿಗೆಯ ಎರಡು ಕೋಣೆ ಇದ್ದವು. ಈಗ ಸ್ವಂತ ಮನೆ ಇದೆ, ಆದರೂ ಒಯ್ಯಲಿಲ್ಲ. ಅದು ನನ್ನ ತಪ್ಪು.

ಅಯ್ಯೋ, ಅವಳು ಕೇಳಿದ್ದನ್ನೇ ಮರೆತೆ. ಇವತ್ತೇ ಕೈಹಚ್ಚು, ಎರಡು ದಿನ ಬಿಟ್ಟರೆ ಬೂಷ್ಟು ಬರುತ್ತದೆ. ಬಿಸಿಲಿಗೆ ಹಾಕಬೇಡ, ಇಸ್ತ್ರಿ ಹಾಯಿಸಬೇಡ. ಕೋಣೆಯಲ್ಲಿ ಫ್ಯಾನ್ ಹಚ್ಚಿ ನೆರಳಿನಲ್ಲಿ ಒಂದೊಂದೇ ಹರಡು, ಕೆಳಗೆ ಅಚ್ಚಿಲ್ಲದ ಬಿಳಿ ಕಾಗದ ಹಾಸು, ಅದು ಒದ್ದೆಯಾದಾಗ ಬದಲಿಸು. ಪತ್ರಿಕೆ ಹಾಸಿದರೆ ಅದರ ಮಸಿ ಹತ್ತುತ್ತದೆ. ಫೋಟೋಗಳ ಮುಖ ಮೇಲಿರಲಿ, ಮುಖವನ್ನು ಮುಟ್ಟಬೇಡ. ಕಟ್ಟುಕಟ್ಟಾಗಿ ಅಂಟಿದ ಕಾಗದಗಳನ್ನು ಬಿಡಿಸಲು ಹೋಗದೆ, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಫ್ರಿಜ್‌ನಲ್ಲಿ ಬರ್ಫ ಆಗುವ ಖಾನೆಯಲ್ಲಿಡು. ನಗಬೇಡಿ, ಬೂಷ್ಟು ಅಲ್ಲಿ ಬೆಳೆಯುವುದಿಲ್ಲ. ರಾಜ್ಯ ಪತ್ರಾಗಾರ ಇಲಾಖೆಯ ಕಚೇರಿ ಧಾರವಾಡದಲ್ಲಿಯೇ ಇದೆ, ಮುಂದೆ ಏನು ಮಾಡಬೇಕೆಂದು ಹೋಗಿ ಕೇಳುತ್ತೇನೆ.

ಒಣಗಿದ ಮೇಲೆ ಕಿಟಕಿಯ ಬೆಳಕಿನಲ್ಲಿ, ಫ್ಲ್ಯಾಷ್ ಇಲ್ಲದೆ, ಪ್ರತಿಯೊಂದರ ಎರಡೂ ಬದಿಯನ್ನು ಮೊಬೈಲಿನಲ್ಲಿ ಹಿಡಿದು ಇಲ್ಲಿ ಹಾಕು. ಹಿಂಬದಿ ಖಾಲಿ ಕಂಡರೂ ಹಿಡಿ. ಮೋಡಿ ಅಕ್ಷರ ಕಂಡರೆ ಗೀಚಾಟವೆಂದು ಬಿಡಬೇಡ, ಮೊದಲು ನನಗೆ ಕಳಿಸು. ಬರುವ ಗುರುವಾರ ನಾನೇ ಬಸ್ಸಿಗೆ ಬರುತ್ತೇನೆ. ಅಲ್ಲಿಯವರೆಗೆ ಟ್ರಂಕನ್ನು ನೆಲದ ಮೇಲಿಡದೆ ಮಣೆಯ ಮೇಲಿಡಿ, ಆ ಗೋಡೆಗೆ ಒರಲೆ ಇದೆ. ಮತ್ತು ಹೆಳವನ ಫೋನ್ ನಂಬರ್ ಯಾರ ಹತ್ತಿರವಾದರೂ ಇದ್ದರೆ ಹೇಳಿ.