ಬ್ರಿಟನ್ನಿನ ಪ್ರವಾಸ ಕಂಪನಿ ಥಾಮಸ್ ಕುಕ್ ಮುಳುಗಿತು, ಡಿಸೆಂಬರ್ ಪ್ಯಾಕೇಜ್ ಹಣ ಇನ್ನೂ ಬಂದಿಲ್ಲ. ಅನುಭವ ಇದ್ದವರು ದಯವಿಟ್ಟು ಹೇಳಿ

ಶರಾವತಿ, ರೆಡಿಂಗ್ (ನವೆಂಬರ್ 2019)

ನಮಸ್ಕಾರ. ಸಾಗರದಿಂದ ಅಪ್ಪ ಅಮ್ಮ ಬರುತ್ತಿದ್ದಾರೆ, ಅವರನ್ನೂ ಸೇರಿಸಿ ಐದು ಜನ ಕ್ರಿಸ್‌ಮಸ್ ರಜೆಗೆ ಸ್ಪೇನ್‌ನ ಟೆನೆರೀಫ್ ದ್ವೀಪಕ್ಕೆ ಹೋಗೋಣ ಅಂತ ಥಾಮಸ್ ಕುಕ್ ಅಂಗಡಿಯಲ್ಲೇ ಕೂತು ವಿಮಾನ, ಹೋಟೆಲ್ ಎರಡೂ ಸೇರಿದ ಪ್ಯಾಕೇಜ್ ಬುಕ್ ಮಾಡಿದ್ದೆವು. ಒಟ್ಟು 3,140 ಪೌಂಡ್. ಅದರಲ್ಲಿ 500 ಮುಂಗಡ ಡೆಬಿಟ್ ಕಾರ್ಡ್‌ನಿಂದ, ಉಳಿದದ್ದು ಕ್ರೆಡಿಟ್ ಕಾರ್ಡ್‌ನಿಂದ. ಸೆಪ್ಟೆಂಬರ್ 23ರ ಬೆಳಗ್ಗೆ ಕಂಪನಿಯೇ ಇಲ್ಲ. ಅಕ್ಟೋಬರ್‌ನಲ್ಲಿ ಸಿಎಎ (ಇಲ್ಲಿಯ ನಾಗರಿಕ ವಿಮಾನಯಾನ ಪ್ರಾಧಿಕಾರ) ಫಾರ್ಮ್ ತುಂಬಿದ್ದೇನೆ, 60 ದಿನದೊಳಗೆ ಅನ್ನುತ್ತಾರೆ. ಬ್ಯಾಂಕ್ ಕೇಳಿದರೆ ಅಲ್ಲೇ ಕೇಳಿ ಅನ್ನುತ್ತದೆ. ಹಣ ಬರುವ ಮೊದಲೇ ಬೇರೆ ಕಡೆ ಬುಕ್ ಮಾಡಬೇಕಾ? ಇನ್ನೊಂದು, ಅಪ್ಪ ಅಮ್ಮನ ಷೆಂಗೆನ್ ವೀಸಾ ಅರ್ಜಿಗೆ ಈ ಹೋಟೆಲ್ ಬುಕಿಂಗ್ ಕಾಗದವನ್ನೇ ಲಗತ್ತಿಸಿದ್ದೆವು. ವೀಸಾ ಸ್ಟಾಂಪ್ ಆಗಿದೆ. ಈಗ ಬೇರೆ ಹೋಟೆಲ್ ಆದರೆ ತೊಂದರೆಯಾ?

ಕಡಲಮಗ, ಮ್ಯಾಂಚೆಸ್ಟರ್

ನಿಮ್ಮದು ಪ್ಯಾಕೇಜ್, ಅಟಾಲ್ ಇದೆ, ಅಂದರೆ ಕಂಪನಿ ಮುಳುಗಿದರೂ ಹಣ ವಾಪಸ್ ಕೊಡಿಸುವ ರಕ್ಷಣೆ, ಬರುತ್ತದೆ ಬಿಡಿ. ನಮ್ಮದು ಕೇಳಿ.

ಅಂಕೋಲಾದವರಿಗೆ ಮ್ಯಾಂಚೆಸ್ಟರ್‌ನಿಂದ ಗೋವಾಕ್ಕೆ ಥಾಮಸ್ ಕುಕ್‌ನ ನೇರ ವಿಮಾನ ಅಂದರೆ ಏನು ಅಂತ ಬೆಂಗಳೂರು ಕಡೆಯವರಿಗೆ ಗೊತ್ತಾಗುವುದಿಲ್ಲ. ದಾಬೋಲಿಮ್‌ನಲ್ಲಿ ಇಳಿದರೆ ಕಾಣಕೋಣ ದಾಟಿ ಕಾರವಾರ, ಆಮೇಲೆ ಮನೆ. ಮಧ್ಯಾಹ್ನದ ಊಟಕ್ಕೆ ಅಮ್ಮನ ಮುಂದೆ. ದುಬೈಯಲ್ಲಿ ಕಾಯುವುದಿಲ್ಲ, ಮುಂಬೈಯಲ್ಲಿ ಲಗೇಜ್ ಎಳೆಯುವುದಿಲ್ಲ. ತಂಗಿಯ ಮದುವೆ ಜನವರಿಯಲ್ಲಿ. ನಾಲ್ಕು ಟಿಕೆಟ್, 2,460 ಪೌಂಡ್, ಬರೀ ವಿಮಾನ, ಹೋಟೆಲ್ ಇಲ್ಲ. ಮನೆಗೆ ಹೋಗುವವರಿಗೆ ಹೋಟೆಲ್ ಯಾಕೆ? ಬರೀ ವಿಮಾನದ ಟಿಕೆಟ್‌ಗೆ ಅಟಾಲ್ ಇಲ್ಲ ಅಂದರು.

ಸರಿ, ಸೆಕ್ಷನ್ 75 ಇದೆಯಲ್ಲ, 100ರಿಂದ 30,000 ಪೌಂಡ್ ನಡುವಿನ ವಸ್ತುವಿಗೆ ಕ್ರೆಡಿಟ್ ಕಾರ್ಡ್‌ನವನೂ ಹೊಣೆ, ಇಲ್ಲಿಯ 1974ರ ಗ್ರಾಹಕ ಸಾಲ ಕಾಯ್ದೆ. ಬ್ಯಾಂಕ್‌ಗೆ ಬರೆದೆ. ನೀವು ಹಣ ಕೊಟ್ಟದ್ದು ಆನ್‌ಲೈನ್ ಏಜೆಂಟನಿಗೆ, ವಿಮಾನ ಕಂಪನಿಗಲ್ಲ, ಕೊಂಡಿ ತಪ್ಪಿದೆ ಅಂತ ಉತ್ತರ. ಏಜೆಂಟನಿಗೆ ಬರೆದರೆ, ಹಣ ನಾವು ಆಗಲೇ ದಾಟಿಸಿದ್ದೇವೆ ಅಂತ. ಟ್ರಾವೆಲ್ ಇನ್ಶೂರೆನ್ಸ್‌ಗೆ ಬರೆದರೆ, ವಿಮಾನ ಕಂಪನಿ ದಿವಾಳಿಯಾಗುವುದು ನಿಮ್ಮ ಪಾಲಿಸಿಯಲ್ಲಿ ಇಲ್ಲ, ಅದಕ್ಕೆ ಬೇರೆ ಕಟ್ಟಬೇಕಿತ್ತು ಅಂತ. ಮೂರು ಬಾಗಿಲೂ ಮುಚ್ಚಿದವು. ಹೊಸ ಟಿಕೆಟ್ ಮುಂಬೈ ಮೇಲೆ, 3,890 ಪೌಂಡ್. ಅದರ ಮೇಲೆ ಮುಂಬೈಯಿಂದ ಗೋವಾಕ್ಕೆ ನಾಲ್ಕು ಜನರದ್ದು 19,600 ರೂಪಾಯಿ ಬೇರೆ. ಮಗಳ ಕಾರ್ ಸೀಟಿಗೂ ದುಡ್ಡು ತೆಗೆದುಕೊಂಡರು.

ಸ್ವಂತ ದಾರಿ, ಸ್ಲೌ

ಪ್ಯಾಕೇಜ್ ಅನ್ನುವುದೇ ಹಳೆಯ ಕಾಲದ ವ್ಯಾಪಾರ. ನಾನು ಈ ದೇಶಕ್ಕೆ ಬಂದಾಗಿನಿಂದ ಒಂದೇ ಒಂದು ಪ್ಯಾಕೇಜ್ ಕೊಂಡಿಲ್ಲ. ವಿಮಾನ ಬೇರೆ, ಮನೆ ಬೇರೆ, ಕಾರು ಬೇರೆ. ಮೊನ್ನೆ ಆಗಸ್ಟ್‌ನಲ್ಲಿ ಲಿಸ್ಬನ್, ನಾಲ್ಕು ಜನರಿಗೆ ವಿಮಾನ 412, ಮನೆ 530, ಅಡುಗೆಮನೆ ಇತ್ತು, ಅನ್ನ ಸಾರು ಮಾಡಿಕೊಂಡೆವು. ಅದೇ ಪ್ಯಾಕೇಜ್‌ನಲ್ಲಿ 1,700 ಹೇಳಿದ್ದರು.

170 ಕೋಟಿ ಪೌಂಡ್ ಸಾಲ ಹೊತ್ತ ಕಂಪನಿಗೆ ಮುಂಗಡ ಕೊಡುವಾಗ ಪೇಪರ್ ಓದಬೇಕಿತ್ತು. ಮೇ ತಿಂಗಳಲ್ಲೇ ಅರ್ಧ ವರ್ಷದ ನಷ್ಟ 150 ಕೋಟಿ ಪೌಂಡ್ ಅಂತ ಬಂದಿತ್ತು. ಅದರಲ್ಲಿ 110 ಕೋಟಿ 2007ರಲ್ಲಿ ಮೈಟ್ರಾವೆಲ್ ಅನ್ನುವ ಇನ್ನೊಂದು ಪ್ರವಾಸ ಕಂಪನಿ ಜೊತೆ ವಿಲೀನವಾದಾಗಿನ ಹಳೇ ಲೆಕ್ಕವನ್ನು ಅಳಿಸಿಹಾಕಿದ್ದು. ವರ್ಷಕ್ಕೆ 30 ಲಕ್ಷ ರಜೆ ಮಾರಿದರೂ ಅದು ಬರೀ ಬಡ್ಡಿಗೆ ಸಾಕು ಅನ್ನುವ ಸ್ಥಿತಿ. ಈಗ ವಿದೇಶದಲ್ಲಿದ್ದ ಒಂದೂವರೆ ಲಕ್ಷ ಜನರನ್ನು ಕರೆತರುವುದಕ್ಕೆ ಸುಮಾರು 10 ಕೋಟಿ ಪೌಂಡ್ ಅಂದಾಜು. ಒಂದಿಷ್ಟು ಅಟಾಲ್ ನಿಧಿಯದ್ದು, ಉಳಿದದ್ದು ನನ್ನಂಥ ತೆರಿಗೆ ಕಟ್ಟುವವನದ್ದು.

ಕಡಲಮಗ, ಮ್ಯಾಂಚೆಸ್ಟರ್

ಸ್ಲೌ ಸರ್, ನಾನು ಮಾಡಿದ್ದೂ ನೀವು ಹೇಳುವುದನ್ನೇ. ವಿಮಾನ ಬೇರೆ. ಅದಕ್ಕೇ ಈಗ 2,460 ಹೋಗಿದೆ. ಶರಾವತಿಯವರಿಗೆ ಹಣ ಬರುವುದು ಅವರು ಪ್ಯಾಕೇಜ್ ಕೊಂಡಿದ್ದಕ್ಕೆ. ನಿಮ್ಮ ಲಿಸ್ಬನ್ ವಿಮಾನ ಹಾರಿತು, ನನ್ನ ಗೋವಾ ವಿಮಾನ ಹಾರಲಿಲ್ಲ, ಅಷ್ಟೇ ವ್ಯತ್ಯಾಸ.

ಹುಬ್ಬಳ್ಳಿ ಅಕ್ಕ, ಲೆಸ್ಟರ್

ನಾ ಆ ಥಾಮಸ್ ಕುಕ್ ಅಂಗಡ್ಯಾಗ ಕೌಂಟರ್ ಮ್ಯಾಲೆ ಕುಂತಾಕಿ ರೀ. ಪೇಪರ್ ಓದಬೇಕಿತ್ತು ಅಂತ ಹೇಳೋರಿಗೆ ಒಂದ್ ಮಾತ ಹೇಳ್ತೀನಿ.

ಈ ಊರಾಗ ರೈಲ್ವೆ ಸ್ಟೇಷನ್ ಮುಂದ ಥಾಮಸ್ ಕುಕ್ ಮೂರ್ತಿ ಐತಿ. 1841ರಾಗ ಇಲ್ಲಿಂದನ ಲಫ್‌ಬರೋಗೆ ಒಂದು ಶಿಲಿಂಗ್ ತಗೊಂಡು ಸುಮಾರು 500 ಮಂದಿನ್ನ ರೈಲಿನ್ಯಾಗ ಕರಕೊಂಡು ಹೋದ, ಮಂದಿಗೆ ಕುಡಿತ ಬಿಡಿಸೋ ಸಭಾಕ್ಕ. ಆ ಊರಾಗ ಆ ಕಂಪನಿ ಬ್ಯಾಡ್ಜ್ ಹಾಕ್ಕೊಂಡು ಓಡ್ಯಾಡೋದು ನನಗ ದೊಡ್ಡ ಮಾತಾಗಿತ್ತು. ಹುಬ್ಬಳ್ಳ್ಯಾಗ ನಮ್ಮಪ್ಪ ಎಲ್ಲಾರ ಮುಂದ ಹೇಳಿಕೋತಿದ್ದ.

ಮುಳುಗೂಕಿಂತ ಮೊದಲಿನ ಶನಿವಾರ ಮಂದಿ ಬಂದು ಕೇಳಿದ್ರು, ಹೋಗಬಹುದಲ್ಲ ಅಂತ. ಮ್ಯಾಲಿನವರು ನಮಗ ಹೇಳಿದ್ದನ್ನ ನಾವು ಅವರಿಗೆ ಹೇಳಿದ್ವಿ. ಬ್ಯಾಂಕಿನವರು ಇನ್ನೂ 20 ಕೋಟಿ ಪೌಂಡ್ ಬೇಕಂದ್ರು, ಅದ ಹುಟ್ಟಲಿಲ್ಲ. ರವಿವಾರ ರಾತ್ರಿ ಟೀವಿ ಮುಂದ ಕುಂತೇನಿ, ಸೋಮವಾರ ಬೆಳಗಾಗೋದ್ರಾಗ 9,000 ಮಂದಿ ಇಲ್ಲಿ ಕೆಲಸ ಇಲ್ದಂಗ ಆಗಿದ್ರು, ಜಗತ್ತಿನ ತುಂಬ 22,000. ಸರಕಾರದ ಕಡಿಂದ ಪರಿಹಾರ ಅಂದ್ರ ಈ ವರ್ಷ ವಾರದ ಪಗಾರದ ಲೆಕ್ಕಕ್ಕ 525 ಪೌಂಡ್ ಮಿತಿ, ಅದಕ್ಕೂ ಫಾರ್ಮು, ಅದಕ್ಕೂ ನಂಬರು. ಅಡಮಾನದ ಕಂತು 780, ಮಗನ ನರ್ಸರಿ 640. ಲೆಕ್ಕಾ ಹಾಕ್ರಿ.

ಮರುದಿನ ಕೀಲಿ ಕೊಡಾಕ ಹೋದ್ರ ಅಂಗಡಿ ಬಾಗಲ ಮುಂದ ಒಬ್ಬಾತ ನನ್ನ ಮಾರಿಗೆ ಕಳ್ಳಿ ಅಂದ. ಅಂವಗೆ ಟಿಕೆಟ್ ಬದಲಿ ಮಾಡಿಕೊಡಾಕ ನಾ ಅದರ ಹಿಂದಿನ ತಿಂಗಳು ರಾತ್ರಿ ಎಂಟರ ತನಕ ಕುಂತಿದ್ದೆ. ಐದು ವರ್ಷದಾಗ 2 ಕೋಟಿ ಪೌಂಡ್ ಮ್ಯಾಲೆ ತಗೊಂಡ ಡೈರೆಕ್ಟರ್‌ಗಳನ್ನ ಯಾರೂ ಬಾಗಲದಾಗ ನಿಲ್ಲಿಸಲಿಲ್ಲ. ಈಗ ಹೇಸ್ ಟ್ರಾವೆಲ್‌ನವರು 555 ಅಂಗಡಿ ತಗೊಂಡಾರ, ನನ್ನ ಕುರ್ಚಿ ನನಗ ಸಿಕ್ಕೈತಿ. ಮನೆತನದ ಕಂಪನಿ, ರೊಕ್ಕಾನೂ ಅವರದ್ದ.

ಸ್ವಂತ ದಾರಿ, ಸ್ಲೌ

ಅಕ್ಕಾ, ನಾನು ನೌಕರರ ಬಗ್ಗೆ ಏನೂ ಹೇಳಲಿಲ್ಲ. ಆದರೆ ಅಂಗಡಿ ಇಟ್ಟು ಹಾಲಿಡೇ ಮಾರುವ ಪದ್ಧತಿಯೇ ಈ ಗತಿಗೆ ಕಾರಣ. ಎಲ್ಲರೂ ಫೋನ್‌ನಲ್ಲೇ ಬುಕ್ ಮಾಡುವಾಗ ಬಾಡಿಗೆ, ಕರೆಂಟು, ಸಂಬಳ ಯಾಕೆ?

ಹುಬ್ಬಳ್ಳಿ ಅಕ್ಕ, ಲೆಸ್ಟರ್

ಅಂಗಡಿ ಮುಳುಗಿಸಲಿಲ್ಲ ತಮ್ಮಾ. ಸಾಲ ಮುಳುಗಿಸ್ತು. ಅಂಗಡಿ ಹಂಗ ನಷ್ಟದ್ದಾಗಿದ್ರ ಹೇಸ್‌ನವರು 555 ಯಾಕ ತಗೋತಿದ್ರು? ಜರ್ಮನ್ಯಾಗ ಅದೇ ಗುಂಪಿನ ಕಾಂಡೋರ್ ವಿಮಾನ ಇವತ್ತಿಗೂ ಹಾರಾಕತ್ತಾವು, ಸರಕಾರ 38 ಕೋಟಿ ಯೂರೋ ಸಾಲ ಕೊಟ್ಟು ನಿಲ್ಲಿಸಿಕೊಂಡೈತಿ. ಇಲ್ಲಿ 15 ಕೋಟಿ ಪೌಂಡ್ ಕೇಳಿದ್ರ ಇಲ್ಲ ಅಂದ್ರು.

ನೇತ್ರಾವತಿ, ಕ್ರಾಯ್ಡನ್

ನಾವು ಆ ದಿನ ಟರ್ಕಿಯ ಮಾರ್ಮರಿಸ್‌ನಲ್ಲೇ ಇದ್ದದ್ದು. ಅತ್ತೆ, ನಾವಿಬ್ಬರು, ಎರಡು ಮಕ್ಕಳು. ಬೆಳಿಗ್ಗೆ ತಿಂಡಿಗೆ ಇಳಿದಾಗ ರಿಸೆಪ್ಶನ್‌ನಲ್ಲಿ ಗುಂಪು. ನಿಮ್ಮ ಕಂಪನಿ ನಮಗೆ ಬೇಸಿಗೆಯ ಹಣವೇ ಕೊಟ್ಟಿಲ್ಲ, ಉಳಿದ ರಾತ್ರಿಗಳದ್ದು ಈಗ ಇಲ್ಲೇ ಕಟ್ಟಿ ಅಂತ ಮ್ಯಾನೇಜರ್. ಸಿಎಎಯವರು ಹೋಟೆಲ್‌ಗೆ ಹಣ ನಾವು ಕೊಡುತ್ತೇವೆ, ನೀವು ಕಟ್ಟಬೇಡಿ ಅಂತ ವೆಬ್‌ಸೈಟಿನಲ್ಲಿ ಹಾಕಿದ್ದರು, ಅದನ್ನು ಫೋನ್‌ನಲ್ಲಿ ತೋರಿಸಿದೆ. ಅವನು ಓದಲೂ ಇಲ್ಲ. ಕೋಣೆಯ ಕಾರ್ಡ್ ಕೆಲಸ ನಿಲ್ಲಿಸಿತು. ಅತ್ತೆಯ ಶುಗರ್ ಮಾತ್ರೆ ಒಳಗೆ. ಕಡೆಗೆ 940 ಪೌಂಡ್ ನನ್ನ ಕಾರ್ಡ್‌ನಿಂದ ಉಜ್ಜಿದ್ದು, ಮಕ್ಕಳ ಮುಂದೆ. ಆ ಹೋಟೆಲಿನವರನ್ನು ನಾನು ಈ ಜನ್ಮದಲ್ಲಿ ಕ್ಷಮಿಸುವುದಿಲ್ಲ.

ಆದರೆ ಮನೆಗೆ ತಂದರಲ್ಲ! ಸಿಎಎಯವರ ಹಳದಿ ಜಾಕೆಟ್ ಹಾಕಿದ ಹುಡುಗಿ ವಿಮಾನ ನಿಲ್ದಾಣದಲ್ಲಿ ಅತ್ತೆಗೆ ವ್ಹೀಲ್‌ಚೇರ್ ತಂದುಕೊಟ್ಟಳು. ಯಾವ ದೇಶದ ವಿಮಾನವೋ ಗೊತ್ತಿಲ್ಲ, ಗ್ಯಾಟ್ವಿಕ್ ಬದಲು ಮ್ಯಾಂಚೆಸ್ಟರ್‌ನಲ್ಲಿ ಇಳಿಸಿ ರಾತ್ರಿ ಬಸ್ಸು ಕೊಟ್ಟರು. ಬಸ್ಸಿಗೆ ಒಂದು ಪೆನ್ನಿ ತೆಗೆದುಕೊಳ್ಳಲಿಲ್ಲ. ತಲೆಗೆ ಎರಡೂವರೆ ಪೌಂಡ್ ಅಟಾಲ್ ಪಾಲು ಪ್ರತಿ ಪ್ಯಾಕೇಜ್‌ನಲ್ಲೂ ಸೇರಿರುತ್ತದೆ, ಅದು ಸಾರ್ಥಕವಾಯಿತು. ನಾನು ಮುಂದೆಯೂ ಪ್ಯಾಕೇಜೇ ಕೊಳ್ಳುವುದು. ಸ್ಲೌನವರು ತಮ್ಮ ಅನ್ನ ಸಾರು ಬೇಯಿಸಿಕೊಳ್ಳಲಿ. ಎಪ್ಪತ್ತಾರು ವರ್ಷದ ಅತ್ತೆಯನ್ನು ಕರೆದುಕೊಂಡು ಊರಿಲ್ಲದ ಊರಿನಲ್ಲಿ ನಿಂತು ನೋಡಲಿ, ಆಮೇಲೆ ಮಾತಾಡಲಿ.

ಸ್ವಂತ ದಾರಿ, ಸ್ಲೌ

ಅಟಾಲ್ ಇಲ್ಲದವರನ್ನೂ ಅದೇ ವಿಮಾನಗಳಲ್ಲಿ ತಂದಿದ್ದಾರೆ ಮೇಡಂ. ಆ ಎರಡೂವರೆ ಪೌಂಡ್ ಕೊಟ್ಟಿದ್ದಕ್ಕೆ ನಿಮಗೆ ಬಸ್ಸು ಸಿಕ್ಕಿತು ಅಂತ ತಿಳಿಯಬೇಡಿ. 2017ರಲ್ಲಿ ಮೊನಾರ್ಕ್ ವಿಮಾನ ಕಂಪನಿ ಬಿದ್ದಾಗಲೂ ಹೀಗೇ ಆಯಿತು. ಪದೇ ಪದೇ ಖಾಸಗಿ ಕಂಪನಿ ಬೀಳುವುದು, ಸರ್ಕಾರ ವಿಮಾನ ಕಳಿಸುವುದು.

ನೇತ್ರಾವತಿ, ಕ್ರಾಯ್ಡನ್

ಮನೆಗೆ ಬಂದದ್ದು ಎಲ್ಲರೂ. 940 ವಾಪಸ್ ಕೇಳುವ ಹಕ್ಕು ಇರುವುದು ಅಟಾಲ್ ಇದ್ದವರಿಗೆ ಮಾತ್ರ. ರಸೀದಿ ಕಳಿಸಿದ್ದೇನೆ.

ಜಯನಗರ 4ನೇ ಬ್ಲಾಕ್, ಬೆಂಗಳೂರು

ನಾನು ಇಂಗ್ಲೆಂಡಿನಲ್ಲಿಲ್ಲ, ಆದರೂ ಬರೆಯಲೇಬೇಕು ಅನ್ನಿಸಿತು. ಮೊದಲಿಗೆ ಇಲ್ಲಿಯ ಓದುಗರಿಗೆ: ಥಾಮಸ್ ಕುಕ್ ಇಂಡಿಯಾ ಮುಳುಗಿಲ್ಲ. ಅದು 2012ರಿಂದ ಕೆನಡಾದ ಫೇರ್‌ಫ್ಯಾಕ್ಸ್ ಕಂಪನಿಯ ಕೈಯಲ್ಲಿದೆ, ಹೆಸರು ಒಂದೇ, ಮಾಲೀಕರು ಬೇರೆ. ನಮ್ಮ ಅಪಾರ್ಟ್‌ಮೆಂಟಿನಲ್ಲಿ ಇಬ್ಬರು ಹೆದರಿ ರದ್ದು ಮಾಡಿ, ರದ್ದತಿ ಶುಲ್ಕವನ್ನೂ ಕಟ್ಟಿ ಕೂತಿದ್ದಾರೆ.

ನಮ್ಮ ದೇಶದ ಸ್ಥಿತಿ ಕೇಳಿ. ನಿವೃತ್ತಿಯ ಹಣದಲ್ಲಿ ನಾನೂ ನನ್ನ ಹೆಂಡತಿಯೂ ಯುರೋಪ್ ಪ್ರವಾಸಕ್ಕೆ ಒಂದು ಹಳೆಯ ಹೆಸರಿನ ಕಂಪನಿಗೆ 4,85,000 ರೂಪಾಯಿ ಕಟ್ಟಿದೆವು. ಹೆಸರು ಬರೆಯುವುದಿಲ್ಲ, ವಕೀಲರು ಬೇಡ ಅಂದಿದ್ದಾರೆ. ವೀಸಾ ಬಂತು, ಉಣ್ಣೆ ಕೋಟು ಕೊಂಡೆವು, ಎರಡಕ್ಕೆ 11,400. ಹೊರಡುವ ವಾರ ಕಚೇರಿಗೆ ಬೀಗ. ಚೆಕ್‌ನಲ್ಲಿ ಕೊಟ್ಟಿದ್ದರಿಂದ ಬ್ಯಾಂಕ್ ಮೂಲಕ ಹಣ ವಾಪಸ್ ಪಡೆಯುವ ಕಾರ್ಡ್ ಚಾರ್ಜ್‌ಬ್ಯಾಕ್ ಅನ್ನುವ ದಾರಿಯೂ ಇಲ್ಲ. ಗ್ರಾಹಕರ ವೇದಿಕೆಗೆ ಹೋಗೋಣ ಅಂದರೆ ಕಂಪನಿ ದಿವಾಳಿ ಪ್ರಕ್ರಿಯೆಗೆ ಹೋಗಿ ಮೊರಟೋರಿಯಂ ಬಿತ್ತು, ಯಾವ ದಾವೆಯೂ ಮುಂದುವರಿಯುವ ಹಾಗಿಲ್ಲ. ಬ್ಯಾಂಕುಗಳ ಸಾಲ ಮೊದಲು, ನಮ್ಮಂಥವರು ಸಾಲಿನ ಬಾಲದಲ್ಲಿ. ಇದೇ ವರ್ಷ 1758ರಲ್ಲಿ ಶುರುವಾದ ಪ್ರವಾಸ ಕಂಪನಿ ಕಾಕ್ಸ್ ಅಂಡ್ ಕಿಂಗ್ಸ್ ಜೂನ್‌ನಲ್ಲಿ ಸಾಲಪತ್ರದ ಹಣ ತೀರಿಸಲಾಗದೆ ನಿಂತಿತು, ಅಕ್ಟೋಬರ್‌ನಲ್ಲಿ ದಿವಾಳಿ ಪ್ರಕರಣ ನೋಡುವ ಮುಂಬೈಯ ನ್ಯಾಯಮಂಡಳಿಗೆ (ಎನ್‌ಸಿಎಲ್‌ಟಿ) ಹೋಯಿತು. ಅಟಾಲ್ ತರಹದ್ದು ನಮ್ಮಲ್ಲಿ ಇಲ್ಲ. ನೀವು ಅರವತ್ತು ದಿನ ಕಾಯುವುದಕ್ಕೆ ಬೇಸರ ಪಡುತ್ತೀರಿ. ನಾವು ಕಾಯುವುದಕ್ಕೆ ದಿನಾಂಕವೇ ಇಲ್ಲ.

ಕಡಲಮಗ, ಮ್ಯಾಂಚೆಸ್ಟರ್

ಸರ್, ನಿಮ್ಮ ನೋವು ನಿಜ. ಆದರೆ ಯುರೋಪ್ ನೋಡಲು ಹೋಗುವುದೂ ತಂಗಿಯ ಮದುವೆಗೆ ಹೋಗುವುದೂ ಒಂದೇ ಅಲ್ಲ.

ಜಯನಗರ 4ನೇ ಬ್ಲಾಕ್, ಬೆಂಗಳೂರು

ಮೂವತ್ತನಾಲ್ಕು ವರ್ಷ ಸರ್ಕಾರಿ ಶಾಲೆಯಲ್ಲಿ ಪಾಠ ಮಾಡಿದ ನನ್ನ ಹೆಂಡತಿ ಭೂಗೋಳದ ಪುಸ್ತಕದಲ್ಲಿ ತೋರಿಸಿದ ಆಲ್ಪ್ಸ್ ನೋಡಬೇಕು ಅಂದಿದ್ದಳು. ಅದನ್ನು ಅಳೆಯಲು ನೀವು ಯಾರು?

ಕಾಳಿ ದಂಡೆ, ಕಾಂದೋಳಿ, ಗೋವಾ

ಕಡಲಮಗ ಅಣ್ಣ, ನಾನು ಸದಾಶಿವಗಡದವನು, ಇಲ್ಲಿ ಒಂದು ಹೋಟೆಲ್‌ಗೆ ಟ್ಯಾಕ್ಸಿ ಓಡಿಸುತ್ತೇನೆ. ನೀವೆಲ್ಲ ಟಿಕೆಟ್ ಹಣದ ಮಾತಾಡುತ್ತಿದ್ದೀರಿ. ನಮ್ಮ ಸೀಸನ್ ಅಕ್ಟೋಬರ್‌ನಿಂದ ಶುರು. ಇಂಗ್ಲೆಂಡಿನ ಚಾರ್ಟರ್ ವಿಮಾನ ಇಳಿದರೆ ತಿಂಗಳುಗಟ್ಟಲೆ ಇರುವ ಮುದುಕ ಮುದುಕಿಯರು, ಪ್ರತಿ ವರ್ಷ ಅದೇ ಕೋಣೆ, ಅದೇ ಡ್ರೈವರ್. ಅವರ ದುಡ್ಡಿನಲ್ಲೇ ನನ್ನ ಗಾಡಿಯ ಕಂತು, ತಿಂಗಳಿಗೆ 14,200. ಇನ್ನೊಂದು ಪ್ರವಾಸ ಕಂಪನಿ ಟೂಯಿಯ ವಿಮಾನ ಬರುತ್ತಿದೆ, ಆದರೆ ಥಾಮಸ್ ಕುಕ್‌ದು ಪೂರಾ ನಿಂತಿದೆ. ಅಡುಗೆಯವರು, ರೂಮ್ ಹುಡುಗರು, ಬಹಳ ಮಂದಿ ನಮ್ಮ ಗದಗ, ವಿಜಯಪುರ ಕಡೆಯವರೇ. ಅರ್ಧ ಜನರಿಗೆ ಈ ಸಲ ಬರಬೇಡಿ ಅಂದಿದ್ದಾರೆ. ಅವರಿಗೆ ಯಾವ ಫಾರ್ಮೂ ಇಲ್ಲ.

ಸ್ವಂತ ದಾರಿ, ಸ್ಲೌ

ಗೋವಾ ಹೋಟೆಲ್ ರೇಟ್ ಇಳಿಸಿದರೆ ನಮ್ಮವರೇ ಬರುತ್ತಾರೆ. ಟ್ಯಾಕ್ಸಿಯವರು ಆಪ್ ಟ್ಯಾಕ್ಸಿ ಬಿಡುವುದಿಲ್ಲ, ದಾಬೋಲಿಮ್‌ನಿಂದ ಕಾಂದೋಳಿಗೆ ಕೇಳುವ ಹಣದಲ್ಲಿ ಬೆಂಗಳೂರಿಗೆ ಬಸ್ಸಿನಲ್ಲಿ ಹೋಗಿ ಬರಬಹುದು.

ಕಾಳಿ ದಂಡೆ, ಕಾಂದೋಳಿ, ಗೋವಾ

ಸೀಸನ್ ಆರು ತಿಂಗಳು, ಕಂತು ಹನ್ನೆರಡು ತಿಂಗಳು. ಸ್ಲೌನಲ್ಲಿ ಕೂತು ರೇಟ್ ಹೇಳುವುದು ಸುಲಭ.

ಶರಾವತಿ, ರೆಡಿಂಗ್

ಎಲ್ಲರ ಕಷ್ಟ ಓದಿ ಮನಸ್ಸು ಭಾರವಾಯಿತು. ಆದರೆ ನನ್ನ ಪ್ರಶ್ನೆಗೆ ಯಾರಾದರೂ ಉತ್ತರ ಕೊಡಿ. ಸಿಎಎಯಿಂದ ಇವತ್ತು ಇಮೇಲ್ ಬಂತು, ಮಾಹಿತಿ ಹೊಂದುತ್ತಿಲ್ಲ ಅಂತ.

ಹುಬ್ಬಳ್ಳಿ ಅಕ್ಕ, ಲೆಸ್ಟರ್

ಶರಾವತಿ, ಬುಕಿಂಗ್‌ನ್ಯಾಗ ಮೊದಲ ಹೆಸರು ಯಾರದ್ದೈತಿ ನೋಡವಾ. ನಿನ್ನ ಯಜಮಾನರದ್ದಿದ್ದು ಫಾರ್ಮ್ ನಿನ್ನ ಹೆಸರಲೆ ತುಂಬಿದ್ದರ ಹಂಗ ಬರ್ತೈತಿ. ಅಟಾಲ್ ಸರ್ಟಿಫಿಕೇಟ್ ಪಿಡಿಎಫ್ ಇಮೇಲ್‌ನ್ಯಾಗ ಹುಡುಕು, ಕಂಪನಿ ವೆಬ್‌ಸೈಟ್ ಈಗ ಇಲ್ಲ, ಅಲ್ಲಿಂದ ಸಿಗೂದಿಲ್ಲ. ಡೆಬಿಟ್‌ದು ಒಂದು, ಕ್ರೆಡಿಟ್‌ದು ಒಂದು, ಎರಡೂ ಸ್ಟೇಟ್‌ಮೆಂಟ್ ಕಳಸು, ಬರೀ ಒಂದು ಕಳಿಸಿದ್ರ ಮತ್ತ ತಿರುಗಿ ಬರ್ತೈತಿ. ಸಿಎಎಗೂ ಬ್ಯಾಂಕ್‌ಗೂ ಎರಡೂ ಕಡೆ ಒಂದ ರೊಕ್ಕಕ್ಕ ಅರ್ಜಿ ಹಾಕಬ್ಯಾಡ. ವೀಸಾದ್ದು ಹೊಸ ಹೋಟೆಲ್ ಕಾಗದ, ಇನ್ಶೂರೆನ್ಸು, ವಾಪಸ್ ಟಿಕೆಟ್ ಅಪ್ಪಾಜಿ ಕೈಯಾಗ ಕೊಟ್ಟು ಕಳಸು, ಸ್ಪೇನ್ ಬಿಟ್ಟು ಬ್ಯಾರೆ ದೇಶಕ್ಕ ಮಾತ್ರ ಬದಲಿ ಮಾಡಬ್ಯಾಡ. ಕಡೀಕ ಆ ದೂತಾವಾಸದ ಕಡೆನೂ ಒಂದ್ ಸಲ ಕೇಳಿಬಿಡು.

ಶರಾವತಿ, ರೆಡಿಂಗ್

ಅಕ್ಕಾ, ಮೊದಲ ಹೆಸರು ಇವರದ್ದೇ. ಫಾರ್ಮ್ ಇವತ್ತು ರಾತ್ರಿ ಮತ್ತೆ ತುಂಬುತ್ತೇನೆ.

ಕಡಲಮಗ, ಮ್ಯಾಂಚೆಸ್ಟರ್

ಅಕ್ಕಾ, ನನ್ನದಕ್ಕೂ ಒಂದು ದಾರಿ ಹೇಳಿ. ಏಜೆಂಟನಿಗೆ ಕೊಟ್ಟಿದ್ದು ಕ್ರೆಡಿಟ್ ಕಾರ್ಡಿನಿಂದಲೇ. ಸೆಕ್ಷನ್ 75 ಬಿಟ್ಟು ಬರೀ ಚಾರ್ಜ್‌ಬ್ಯಾಕ್ ಕೇಳಿದರೆ ಆಗುತ್ತದಾ? ಬ್ಯಾಂಕಿನವನು ಅದರ ಮಾತೇ ಎತ್ತಲಿಲ್ಲ.

ಹುಬ್ಬಳ್ಳಿ ಅಕ್ಕ, ಲೆಸ್ಟರ್

ಕೇಳಬೇಕು, ಅವರಾಗಿ ಹೇಳೂದಿಲ್ಲ. ಅದಕ್ಕ 120 ದಿನದ ಗಡುವು ಇರ್ತೈತಿ, ಕಾರ್ಡ್ ಮ್ಯಾಲೆ ಹೆಚ್ಚುಕಡಿಮಿ. ನಾಳೇನ ಫೋನ್ ಮಾಡು.