ಬಂದ್ವಿ, ಇನ್ನರ್ಧ ತಾಸು!

"ಹ್ಞೂಂ ಯವ್ವಾ, ಹೊಂಟೀವಿ. ಊಟಕ್ಕ ಅಲ್ಲೇ ಇರ್ತೀವಿ. ಗಾಡಿ ಹೊಡೀಲಿಕತ್ತೀನಿ, ಆಮ್ಯಾಲೆ ಮಾತಾಡ್ತೀನಿ."

ಪಂಪ್ಯಾ ಫೋನ್ ಕಟ್ ಮಾಡಿದ. ಆ ಕಡೆಯಿಂದ "ಲೇ, ಕೇಳಿಲ್ಲೆ..." ಅಂದದ್ದು ನಮಗೆಲ್ಲ ಕೇಳಿಸಿತ್ತು. ಗಾಡಿ ಹೊಡೀಲಿಕತ್ತೀನಿ ಅಂದ ಮಹಾನುಭಾವ ಆಗ ನಿಂತಿದ್ದು ಬಳ್ಳಾರಿಯ ಮಿರ್ಚಿ ಬಂಡಿ ಮುಂದೆ, ಕೈಯಲ್ಲಿ ಪ್ಲೇಟು.

ನಾವು ನಾಲ್ವರು: ಪಂಪ್ಯಾ, ಎರ್ರಿ, ಖಾಜಾ, ನಾನು. ಒಂದೇ ಹಾಸ್ಟೆಲ್, ಒಂದೇ ಸಿವಿಲ್ ಬ್ರಾಂಚು, ಹೆಚ್ಚುಕಮ್ಮಿ ಒಂದೇ ನೋಟ್ಸು. ಹೊಂಟದ್ದು ಕನಕಗಿರಿ ಕಡೆ ಪಂಪ್ಯಾನ ಊರಿಗೆ. ಕುರುಗೋಡು, ಕಂಪ್ಲಿ, ಹೊಳೆ ದಾಟಿದರೆ ಗಂಗಾವತಿ, ಅಲ್ಲಿಂದ ಊರು. ಎರಡೂವರೆ ತಾಸಿನ ದಾರಿ ಅಂತ ಪಂಪ್ಯಾನ ಲೆಕ್ಕ. ಎಸ್ಟಿಮೇಟ್ ಹಾಕೋದೇ ಅವನ ಹೊಟ್ಟೆಪಾಡು, ಆದ್ದರಿಂದ ನಾವ್ಯಾರೂ ನಂಬಲಿಲ್ಲ.

"ಒಗ್ಗಾಣಿ ಇನ್ನೊಂದು ಪ್ಲೇಟ್ ಹೇಳಲೇ," ಅಂದ ಎರ್ರಿ.

"ಅದು ಸೂಸಲ," ಪಂಪ್ಯಾ.

"ಸೂಸಲ ನಿಮ್ಮೂರಾಗೆ. ಬಳ್ಳಾರ್ಯಾಗೆ ಒಗ್ಗಾಣಿ."

"ಇಬ್ಬರೂ ತಪ್ಪು. ಒಗ್ಗರಣಿ," ಖಾಜಾ ಗಂಗಾವತಿ ಪರವಾಗಿ ತೀರ್ಪು ಕೊಟ್ಟ.

ನಾನು ಮಂಡಕ್ಕಿ ಅನ್ನೋಣ ಅಂತಿದ್ದೆ, ಮೂವರ ಮುಖ ನೋಡಿ ಮಿರ್ಚಿ ಕಚ್ಚಿದೆ. ಇಪ್ಪತ್ತೆರಡು ವರ್ಷದ ಹಿಂದೆಯೂ ಇದೇ ಜಗಳ, ಅದೂ ಇದೇ ಜಾಗದಲ್ಲಿ. ಇದೇ ಜಾಗ ಅಂತ ನಾನಂದೆ. ಅಲ್ಲ, ಆಚೆ ಓಣಿ ಅಂತ ಖಾಜಾ. ಆಚೆ ಓಣಿಗೆ ಹೋಗಿ ನೋಡಿದರೆ ಅಲ್ಲೀಗ ಜೀನ್ಸ್ ಹೊಲಿಯೋ ಮಷಿನ್‌ಗಳ ಸದ್ದು. ಹಳೇ ಬಂಡಿಯವನಿಗೆ ಎರ್ರಿ ಕೊಡಬೇಕಿದ್ದ ಬಾಕಿಯೂ ಅಲ್ಲಿಗೆ ವಜಾ ಆಯ್ತು. ಎರ್ರಿ ಮಾತ್ರ ಬಾಕಿ ಖಾಜಾನದ್ದು ಅಂತಾನೆ.

ಆಮೇಲೆ ಕೋಟೆ ಗುಡ್ಡ. ಹತ್ತೋದು ಬ್ಯಾಡ, ಕೆಳಗಿಂದ ನೋಡಿ ಹೋಗೋಣ ಅಂತ ನಾಲ್ಕೂ ಮೊಣಕಾಲುಗಳು, ಅಂದರೆ ಎಂಟು, ಒಮ್ಮತದಿಂದ ನಿರ್ಣಯ ಮಾಡಿದವು. ಹೈದರಾಲಿಗೆ ಈ ಕೋಟೆ ಬಲಪಡಿಸಿಕೊಟ್ಟ ಫ್ರೆಂಚ್ ಎಂಜಿನಿಯರಿನ ಕತೆ ಗೊತ್ತಲ್ಲ. ಕೆಲಸ ಮುಗಿದ ಮೇಲೆ ನೋಡಿದರೆ ಪಕ್ಕದ ಕುಂಬಾರ ಗುಡ್ಡವೇ ಎತ್ತರ, ಅಲ್ಲಿಂದ ಫಿರಂಗಿ ಹೊಡೆದರೆ ಕೋಟೆ ಬಯಲು. ಹೈದರಾಲಿ ಅವನನ್ನ ಗಲ್ಲಿಗೇರಿಸಿದ ಅಂತ ಬಳ್ಳಾರಿ ಮಂದಿ ಹೇಳ್ತಾರೆ. ಸರ್ವೇಯಿಂಗ್ ಪೇಪರಿನ ಹಿಂದಿನ ರಾತ್ರಿ ಈ ಕತೆ ಕೇಳಿದ ಪಂಪ್ಯಾ ಬೆಳಗಿನ ತನಕ ಓದಿದ್ದ. ಆದರೂ ಮೂವತ್ತೈದೇ ಬಂತು.

"ಬಂದ್ವಿ ಯವ್ವಾ, ಇನ್ನರ್ಧ ತಾಸು." ಕಟ್.

ಕುರುಗೋಡಿನಲ್ಲಿ ದೊಡ್ಡಬಸವಣ್ಣನಿಗೆ ಕೈ ಮುಗಿದು, ಹೊರಗೆ ಚಾ ಕುಡಿದು, ಕಾಲೇಜಿನ ದಿನದಲ್ಲಿ ಇಲ್ಲಿಗೆ ಸೈಕಲ್ ಮೇಲೆ ಬಂದವರು ಯಾರು ಅನ್ನೋ ವಾದ ಶುರುವಾಯ್ತು. ನಾಲ್ವರೂ ಬಂದಿದ್ವಂತೆ. ಸೈಕಲ್ ಇದ್ದದ್ದು ಒಂದೇ.

"ಇಲ್ಲೇ ಅದೀವಿ ಯವ್ವಾ, ಬಂದ್ವಿ ಬಂದ್ವಿ." ಕಟ್.

ಮುಂದೆ ದಾರಿ ತುಂಬ ಹಸಿರು. ಎಡಕ್ಕೆ ಕಬ್ಬು, ಬಲಕ್ಕೆ ಬಾಳೆ, ನಡುವೆ ಕೆಸರಾಗಿದ್ದ ಗದ್ದೆಯಲ್ಲಿ ಹೆಣ್ಮಕ್ಕಳು ಸಾಲಾಗಿ ಬಗ್ಗಿ ನಾಟಿ ಮಾಡ್ತಿದ್ರು. ಬಳ್ಳಾರಿ ಅಂದರೆ ಧೂಳು, ಬಿಸಿಲು ಅಂತ ಬೆಂಗಳೂರಲ್ಲಿ ಕೂತು ಮಾತಾಡೋರನ್ನ ಶ್ರಾವಣದಲ್ಲಿ ಈ ರೋಡಿಗೆ ತಂದು ಬಿಡಬೇಕು. ಖಾಜಾ ಮೌನವಾದ. ಅಕ್ಕಿ ವ್ಯಾಪಾರಕ್ಕೆ ಇಳಿದವನು, ನಾಟಿ ಕಂಡರೆ ಸಾಕು ಮನಸ್ಸಲ್ಲೇ ಕ್ವಿಂಟಾಲ್ ಲೆಕ್ಕ ಹಾಕ್ತಾನೆ.

ಕಂಪ್ಲಿ ದಾಟಿ ಹೊಳೆ ಕಡೆ ಇಳಿದರೆ ಅಡ್ಡ ಬ್ಯಾರಿಕೇಡು, ಪಕ್ಕ ಇಬ್ಬರು ಪೊಲೀಸರು, ಅವರ ಹಿಂದೆ ತುಂಗಭದ್ರೆ. ಸೇತುವೆ ಎಲ್ಲಿ? ಹೊಳೆಯ ಹೊಟ್ಟೆಯಲ್ಲಿ! ಕೆಂಪು ನೀರು ಅದರ ಮೇಲೆ ಹಾದು ಹೋಗ್ತಿತ್ತು. ಡ್ಯಾಮಿಂದ ನೀರು ಜೋರಾಗಿ ಬಿಟ್ಟಾಗೆಲ್ಲ ಈ ಸೇತುವೆ ಮುಳುಗೋದು ಹೊಸದೇನಲ್ಲ. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟು ಕೊಚ್ಚಿ ಹೋದಾಗ ಊರಿಗೆ ಊರೇ ಡ್ಯಾಮಿನ 33 ಗೇಟುಗಳ ಜಾತಕ ಬಾಯಿಪಾಠ ಮಾಡಿತ್ತು. ನಾವು ನಾಲ್ವರು ಎಂಜಿನಿಯರುಗಳು ಮಾತ್ರ ಬೆಳಗ್ಗೆ ಪೇಪರ್ ಸಹ ನೋಡದೆ ಹೊಂಟಿದ್ವಿ.

"ನೋಡು, ನಿಜಾಮನ ಸೀಮೆ ಬಾಗಿಲು ಹಾಕೈತೆ," ಎರ್ರಿ ಆಚೆ ದಂಡೆ ತೋರಿಸಿದ.

"ಮದ್ರಾಸಿನವರನ್ನ ಒಳಗ ಬಿಡಬಾರದು ಅಂತ ಹೊಳೆಗೂ ಗೊತ್ತೈತಿ," ಪಂಪ್ಯಾ.

"ಲೇ, 1953ರ ಅಕ್ಟೋಬರ್ 1ಕ್ಕೇ ನಾವು ಮದ್ರಾಸ್ ಬಿಟ್ಟು ಮೈಸೂರಿಗೆ ಬಂದೀವಿ. ನೀವು 56ರ ತನಕ ಹೈದರಾಬಾದಿನಾಗೇ ಇದ್ರಿ."

"ಬಂದ್ರಿ, ಬಂದ್ರಿ. ನಿಜಾಮನ ಕಾಟ ತಿಂದೋರು ನಾವು, 371ಜೆ ಮೀಸಲಾತಿ ಒಳಗ ಪಾಲು ನಿಮಗೂ."

"ನಾವೂ ನಿಜಾಮನೋರೇ ಅಲ್ಲೇನು? ಬ್ರಿಟಿಷರ ಸೈನ್ಯದ ಖರ್ಚಿಗೆ ಅಂತ 1800ರಾಗೆ ನಮ್ಮನ್ನ ಬರೆದು ಕೊಟ್ಟುಬಿಟ್ಟ. ಒತ್ತೆ ಬಿದ್ದೋರಿಗೆ ಪಾಲು ಬ್ಯಾಡೇನು?"

ಪೊಲೀಸಪ್ಪ ಇದನ್ನೆಲ್ಲ ತಾಳ್ಮೆಯಿಂದ ಕೇಳಿ, "ಸರ್, ಬುಕ್ಕಸಾಗರ ಕಡೆಯಿಂದ ಕಡೇಬಾಗಿಲು ಸೇತುವೆ ಮ್ಯಾಲೆ ಹೋಗ್ರಿ. ಇತಿಹಾಸ ಗಾಡ್ಯಾಗ ಮಾತಾಡ್ರಿ," ಅಂದ.

ಗಾಡಿ ತಿರುಗಿತು. "ಕಣ್ಣಿದ್ದವರು ಕನಕಗಿರಿ ನೋಡಬೇಕು, ಕಾಲಿದ್ದವರು ಹಂಪಿ ನೋಡಬೇಕು ಅಂತಾರಲ್ಲ," ಖಾಜಾ ಹಿಂದಿನ ಸೀಟಿಂದ ನಿಟ್ಟುಸಿರುಬಿಟ್ಟ, "ಕಾರಿದ್ದವರು ಎರಡನ್ನೂ ಸುತ್ತಬೇಕಂತ ಯಾರೂ ಹೇಳಿರಲಿಲ್ಲ."

ಫೋನ್ ಮತ್ತೆ ಬಡಕೊಂಡಿತು. ಈ ಸಲ ಎರ್ರಿ ಕಸಿದುಕೊಂಡು ಸ್ಪೀಕರ್ ಹಾಕಿದ.

"ಬಂದ್ವಿ..." ಪಂಪ್ಯಾ ಬಾಯಿ ತೆರೆದ.

"ಎಲ್ಲಿಗೆ ಬಂದಿ? ಕಂಪ್ಲಿ ಹೊಳಿಗೆ ಬಂದಿ. ಮುಂಜಾನೆಯಿಂದ ಹೇಳಾಕತ್ತೀನಿ, ಸೇತುವಿ ಮುಳುಗೈತಿ, ಆ ಕಡೆ ಬರಬ್ಯಾಡ್ರಿ ಅಂತ. ಕಟ್, ಕಟ್, ಕಟ್! ನಾಕು ಮಂದಿ ಎಂಜಿನಿಯರ್ರು!"

ಗಾಡಿಯಲ್ಲಿ ಸದ್ದಿಲ್ಲ. ಬುಕ್ಕಸಾಗರದ ಬಾಳೆ ತೋಟ ಬಂದ ಮೇಲೆ ಎರ್ರಿ ಮೆಲ್ಲಗೆ ಕೇಳಿದ:

"ಹೈದರಾಲಿ ಆ ಫ್ರೆಂಚ್ ಎಂಜಿನಿಯರನ್ನ ಗಲ್ಲಿಗೇರಿಸೋಕೆ ಮುಂಚೆ ಊಟ ಹಾಕಿದ್ನೇನಲೇ?"