ಅಪ್ಪ ಐಬಿಯಲ್ಲಿದ್ದರು, ಅವರ ಬಗ್ಗೆ ಏನು ಬರೆಯೋಣ?

ಕೊಪ್ಪಳದಿಂದ ಪ್ರಶ್ನೆ:
ನಮ್ಮ ಅಪ್ಪ ಕೇಂದ್ರದ ಗುಪ್ತಚರ ಸಂಸ್ಥೆ ಇಂಟೆಲಿಜೆನ್ಸ್ ಬ್ಯೂರೋದಲ್ಲಿದ್ದು (ಐಬಿ) ರಿಟೈರ್ ಆದವರು. ಹೋದ ವರ್ಷ ತೀರಿಕೊಂಡರು. ವರ್ಷದ ಕಾರ್ಯಕ್ಕೆ ಬಂದವರಿಗೆ ಕೊಡಲು ಸಣ್ಣದೊಂದು ನೆನಪಿನ ಪುಸ್ತಕ ಮಾಡಬೇಕು ಅಂತ ನಾನು, ತಂಗಿ ಅಂದುಕೊಂಡಿದ್ದೇವೆ. ಬರೆಯಲು ಕೂತರೆ ಪೆನ್ನೇ ಓಡುತ್ತಿಲ್ಲ. ಎಲ್ಲಿ ಪೋಸ್ಟಿಂಗ್ ಇತ್ತು, ಏನು ಕೆಲಸ ಮಾಡುತ್ತಿದ್ದರು, ಒಂದೂ ಗೊತ್ತಿಲ್ಲ. ಇಂಥ ಮನೆಯಲ್ಲಿ ಬೆಳೆದವರು ಯಾರಾದರೂ ಇದ್ದರೆ ಹೇಳಿ. ನೀವು ಏನು ಬರೆದಿರಿ, ಏನು ಬಿಟ್ಟಿರಿ?

ರಾಯಚೂರಿನಿಂದ:
ನಮ್ಮಪ್ಪನೂ ಅಲ್ಲೇ ಇದ್ದರು. ಆಫೀಸಿನ ಕಥೆ ಹುಡುಕಲು ಹೋಗಬೇಡಿ ತಮ್ಮಾ. ಸಿಗೋದಿಲ್ಲ, ಸಿಕ್ಕರೂ ಅದು ನಮ್ಮದಲ್ಲ. ಮನೆಯೊಳಗೆ ಕಂಡ ಅಪ್ಪ ಮಾತ್ರ ನಮ್ಮವರು, ಅಷ್ಟನ್ನು ಬರೆದರೂ ಪುಸ್ತಕ ತುಂಬುತ್ತದೆ. ಮೊದಲು ಅವ್ವನನ್ನು ಕೂರಿಸಿಕೊಂಡು ಕೇಳಿ.

ನಾವು ಹಾಗೇ ಮಾಡಿದ್ದು. ಅಪ್ಪ ದೂರ ಇದ್ದಾಗ ಇನ್‌ಲ್ಯಾಂಡ್ ಪತ್ರ ಬರುತ್ತಿತ್ತು. ಊರಿನ ಹೆಸರು ಬರೆಯುತ್ತಿರಲಿಲ್ಲ. "ಬಟ್ಟೆ ಒಣಗುತ್ತಿಲ್ಲ" ಅಂತ ಇದ್ದರೆ ಈಶಾನ್ಯದ ಕಡೆ ಇದ್ದಾರೆ, "ನೀರು ಮುಟ್ಟಿದರೆ ಕೈ ಮರಗಟ್ಟುತ್ತದೆ" ಅಂದರೆ ಕಾಶ್ಮೀರದ ಕಡೆ, ಹೀಗೆ ಅವ್ವ ಲೆಕ್ಕ ಹಾಕುತ್ತಿದ್ದಳಂತೆ. ಅಪ್ಪನನ್ನು ಒಂದು ಸಲವೂ ಕೇಳಲಿಲ್ಲ. ಅಕ್ಕಿ ಆರಿಸುತ್ತಾ ಇದನ್ನೆಲ್ಲ ಹೇಳಿದಳು. ನಿಜ ಹೇಳಬೇಕೆಂದರೆ, ಆ ಕೆಲಸಕ್ಕೆ ಅವ್ವನನ್ನೇ ತಗೋಬೇಕಿತ್ತು!

ಶಾಲೆಯಲ್ಲಿ ತಂದೆಯ ಉದ್ಯೋಗ ಅಂತ ಕೇಳಿದರೆ "ಕೇಂದ್ರ ಸರ್ಕಾರಿ ನೌಕರ" ಅಂತ ಬರೆಸುತ್ತಿದ್ದರು. ಯಾವ ಇಲಾಖೆ ಅಂತ ಮಾಸ್ತರರು ಕೇಳಿದರೆ "ಗೃಹ ಇಲಾಖೆ, ಫೈಲ್ ಕೆಲಸ." ಐಬಿ ಬರೋದು ಗೃಹ ಮಂತ್ರಾಲಯದ ಕೆಳಗೇ, ಹಾಗಾಗಿ ಸುಳ್ಳೂ ಅಲ್ಲ. ನಮ್ಮೂರಿನವರಿಗೆ ಕನ್ನಡ, ತೆಲುಗು, ಉರ್ದು ಮೂರೂ ಹೇಗೋ ಬರುತ್ತವಲ್ಲ, ಅಪ್ಪ ಮೂರರಲ್ಲೂ ಪೇಪರ್ ಓದುತ್ತಿದ್ದರು. ಓದಿದ್ದರ ಬಗ್ಗೆ ಮಾತ್ರ ಚಕಾರ ಎತ್ತುತ್ತಿರಲಿಲ್ಲ. ರಜೆ ಸಿಕ್ಕರೆ ಮುದಗಲ್ ಮೊಹರಂಗೆ ಕರೆದುಕೊಂಡು ಹೋಗುತ್ತಿದ್ದರು. ಬೆಂಕಿ ಹಾಕುವ ಅಲಾಯಿ ಕುಣಿಯ ಸುತ್ತ ಎಲ್ಲರೂ ಹೆಜ್ಜೆ ಹಾಕುತ್ತಿದ್ದರೆ ಅಪ್ಪ ಗೋಡೆಗೆ ಬೆನ್ನು ಕೊಟ್ಟು ನಿಲ್ಲುತ್ತಿದ್ದರು. ಖಾನಾವಳಿಗೆ ಹೋದರೂ ಅಷ್ಟೇ, ಬಾಗಿಲು ಕಾಣುವ ಕುರ್ಚಿಯೇ ಬೇಕು. ಅದು ಕೆಲಸ ಕಲಿಸಿದ್ದೋ ಹುಟ್ಟುಗುಣವೋ, ನಾನು ಬಿಡಿಸಿ ಬರೆಯಲಿಲ್ಲ. ಕಂಡಿದ್ದನ್ನು ಕಂಡ ಹಾಗೆ ಇಟ್ಟೆ.

ಮಾನ್ವಿಯಿಂದ:
ಆರ್‌ಟಿಐ ಹಾಕಿದರೆ ಸರ್ವಿಸ್ ವಿವರ ಕೊಡಲ್ವಾ? ಎಲ್ಲೆಲ್ಲಿ ಇದ್ದರು ಅನ್ನೋದಾದರೂ ಸಿಗಬಹುದು, ನೋಡಿ.

ಬಳ್ಳಾರಿಯಿಂದ:
ಸುಮ್ನೆ ಟೈಮ್ ವೇಸ್ಟ್. 2005ರ ಮಾಹಿತಿ ಹಕ್ಕು ಕಾಯ್ದೆಯ 24ನೇ ಕಲಮೇ ಇಂಥ ಸಂಸ್ಥೆಗಳನ್ನು ಹೊರಗಿಟ್ಟಿದೆ. ಕೊನೆಯಲ್ಲಿರುವ ಎರಡನೇ ಅನುಸೂಚಿ ನೋಡಿ, ಮೊದಲ ಹೆಸರೇ ಐಬಿ, ಎರಡನೇದು ಹೊರದೇಶದ ಗುಪ್ತಚರ ಕೆಲಸ ನೋಡುವ ರಾ (RAW). ಭ್ರಷ್ಟಾಚಾರ, ಮಾನವ ಹಕ್ಕು ಉಲ್ಲಂಘನೆಯ ಆರೋಪ ಇದ್ದರೆ ಮಾತ್ರ ಬೇರೆ. ಅಪ್ಪನ ನೆನಪಿಗೆ ಬೇಕು ಅಂದರೆ ಕೊಡಲ್ಲ.

ಇನ್ನೊಂದು ವಿಷಯ. 2021ರ ಮೇ 31ರಂದು ಕೇಂದ್ರ ಸರ್ಕಾರ ಪೆನ್ಷನ್ ನಿಯಮ ಬಿಗಿ ಮಾಡಿತು. ಈ ಸಂಸ್ಥೆಗಳಿಂದ ರಿಟೈರ್ ಆದವರು ತಮ್ಮ ಸಂಸ್ಥೆಯ ಬಗ್ಗೆ, ಅಲ್ಲಿನ ಸಿಬ್ಬಂದಿ ಬಗ್ಗೆ, ಅಲ್ಲಿ ಕಲಿತದ್ದರ ಬಗ್ಗೆ ಏನೇ ಪ್ರಕಟಿಸಬೇಕಾದರೂ ಸಂಸ್ಥೆಯ ಮುಖ್ಯಸ್ಥರ ಒಪ್ಪಿಗೆ ಬೇಕು. ಇಲ್ಲದಿದ್ದರೆ ಪೆನ್ಷನ್‌ಗೇ ಕುತ್ತು. ಈ ನಿಯಮ ಇರೋದು ನೌಕರರಾಗಿದ್ದವರಿಗೆ, ಮಕ್ಕಳಿಗಲ್ಲ. ಆದರೆ 1923ರ ಸರ್ಕಾರಿ ರಹಸ್ಯ ಕಾಯ್ದೆ ಹಾಗಲ್ಲ, ಗುಟ್ಟಿನ ಕಾಗದ ಯಾರ ಕೈಯಲ್ಲಿದ್ದರೂ ಅದು ಅವರನ್ನು ಹಿಡಿಯುತ್ತದೆ. ಅದಕ್ಕೇ ಹೇಳೋದು, ಅಡುಗೆಮನೆ, ಅಂಗಳ, ಮದುವೆಮನೆ ಇಷ್ಟರಲ್ಲೇ ಇರಿ.

1968ರಲ್ಲಿ ರಾ ಶುರುವಾದಾಗ ಅದರ ಮೊದಲ ಮುಖ್ಯಸ್ಥರಾದ ಆರ್.ಎನ್. ಕಾವ್ ಅವರೇ ಬದುಕಿದ್ದಾಗ ಬಾಯಿ ಬಿಟ್ಟವರಲ್ಲ. ತಮ್ಮ ಕಾಗದಪತ್ರಗಳನ್ನು ದೆಹಲಿಯ ನೆಹರೂ ಸ್ಮಾರಕ ಗ್ರಂಥಾಲಯಕ್ಕೆ ಕೊಟ್ಟು, ತಾವು ಹೋಗಿ ಎಷ್ಟೋ ವರ್ಷ ಆದ ಮೇಲೆ ತೆರೆಯಿರಿ ಅಂದರು. ಅಷ್ಟು ದೊಡ್ಡವರ ಕಥೆಯೇ ಹೀಗೆ, ಇನ್ನು ನಮ್ಮಪ್ಪಂದಿರು ನಮಗೆ ಹೇಳುತ್ತಿದ್ದರಾ?

ನಮ್ಮಪ್ಪ ವೈರ್‌ಲೆಸ್ ವಿಭಾಗದಲ್ಲಿದ್ದರು. ಊಟಕ್ಕೆ ಕೂತಾಗ ಸ್ಟೀಲ್ ಲೋಟದ ಮೇಲೆ ತೋರುಬೆರಳು ತಾನಾಗೇ ಆಡುತ್ತಿತ್ತು. ಟಕ್, ಟಕ್ಕ್, ಟಕ್. ಚಿಕ್ಕವರಿದ್ದಾಗ ತಾಳ ಅಂದುಕೊಂಡು ನಾವೂ ಬಾರಿಸುತ್ತಿದ್ದೆವು. ಕಾಲೇಜಿನಲ್ಲಿ ಎನ್‌ಸಿಸಿ ಸೇರಿದ ಮೇಲೆ ಅದು ಮೋರ್ಸ್, ಅಂದರೆ ಅಕ್ಷರಗಳನ್ನು ಟಕ್‌ಟಕ್ ಸದ್ದಿನಲ್ಲಿ ಕಳಿಸುವ ಸಂಕೇತ ಅಂತ ಗೊತ್ತಾಯಿತು. ಕದ್ದು ಕೇಳಿ ಅಕ್ಷರ ಕೂಡಿಸಿ ನೋಡಿದೆ. ಬಡಿಯುತ್ತಿದ್ದದ್ದು ತಂಗಿಯ ಹೆಸರು.

ಗಂಗಾವತಿಯಿಂದ:
ಎಲ್ಲರೂ ಚಂದದ್ದನ್ನೇ ಹೇಳುತ್ತಿದ್ದೀರಿ. ನನಗೆ ಹಾಗೆ ಬರೆಯಲು ಮನಸ್ಸಾಗಲಿಲ್ಲ. ನಮ್ಮ ಓಣಿಯಲ್ಲಿ ಅಪ್ಪನಿಗೆ "ಸಿಐಡಿ" ಅಂತ ಹೆಸರು ಬಿದ್ದಿತ್ತು. ಅವರು ಬಂದರೆ ಚಹಾದಂಗಡಿ ಕಟ್ಟೆಯ ಮಾತು ಅಲ್ಲಿಗೇ ನಿಲ್ಲುತ್ತಿತ್ತು. ನನ್ನ ಗೆಳೆಯನ ಮನೆಯಲ್ಲಿ ಒಳಗೆ ಕರೆಯುತ್ತಿರಲಿಲ್ಲ, ಪಡಸಾಲೆಯಲ್ಲೇ ಕೂರಿಸುತ್ತಿದ್ದರು. ಅಜ್ಜಿ ತೀರಿಕೊಂಡಾಗ ಅಪ್ಪ ಮಣ್ಣಿಗೆ ಬರಲಿಲ್ಲ, ಮೂರನೇ ದಿನ ಬಂದರು. ಯಾಕೆ ಅಂತ ಹೇಳಲಿಲ್ಲ. ದೊಡ್ಡಪ್ಪ ಆಮೇಲೆ ಅವರ ಜೊತೆ ಮಾತೇ ಬಿಟ್ಟರು. ಇದನ್ನೂ ಬರೆದೆ. ಓದಿದ ದೊಡ್ಡಪ್ಪ ಏನೂ ಅನ್ನಲಿಲ್ಲ, ಇನ್ನೆರಡು ಪ್ರತಿ ಇಸಿದುಕೊಂಡು ಹೋದರು.

ಕೊಪ್ಪಳದಿಂದ:
ಎಲ್ಲರಿಗೂ ಶರಣು. ಅವ್ವನ ಹತ್ತಿರ ಕೂತೆ, ನೋಟ್‌ಬುಕ್ ಅರ್ಧ ತುಂಬಿದೆ. ಗವಿಮಠದ ಜಾತ್ರೆಯಲ್ಲಿ ಅಪ್ಪ ನಮ್ಮನ್ನು ಬಿಟ್ಟು ಎಲ್ಲಿಗೋ ಹೋಗಿ ಮಿರ್ಚಿ ಕಟ್ಟಿಸಿಕೊಂಡು ಬರುತ್ತಿದ್ದದ್ದೂ ಬಂತು. ಮಿರ್ಚಿಗೇ ಹೋಗುತ್ತಿದ್ದರಾ ಅಂತ ಈಗ ಡೌಟು! ಈಗ ಎರಡು ಸಾಮಾನು ಸಿಕ್ಕಿವೆ. ಬೀಳ್ಕೊಡುಗೆಯ ಗ್ರೂಪ್ ಫೋಟೊ, ಮತ್ತೆ ಬರೀ ಹೆಸರು, ನಂಬರ್ ಇರುವ ಒಂದು ಹಳೇ ಡೈರಿ. ಹಾಕಬಹುದಾ?

ಬಳ್ಳಾರಿಯಿಂದ:
ಫೋಟೊ ಪುಸ್ತಕದಲ್ಲಿ ಬೇಡ. ಅದರಲ್ಲಿರುವ ಕೆಲವರು ಇನ್ನೂ ಸರ್ವಿಸ್‌ನಲ್ಲಿ ಇರಬಹುದು. ನಿಮ್ಮ ಮದುವೆಯಲ್ಲಿ ಅಪ್ಪ ನಗುತ್ತಿರುವುದು ಇದ್ದರೆ ಅದನ್ನು ಹಾಕಿ. ಡೈರಿ ಮಾತ್ರ ಬೀರುವಿನಲ್ಲೂ ಇಟ್ಟುಕೊಳ್ಳಬೇಡಿ. ಅವರನ್ನು ನಂಬಿ ಸುದ್ದಿ ಕೊಟ್ಟವರ ಹೆಸರು ಅದರಲ್ಲಿ ಇರಬಹುದು, ಪಾಪ, ಅವರಿಗೂ ಮಕ್ಕಳುಮರಿ ಇರುತ್ತಾರೆ. ಅಪ್ಪನ ಹಳೇ ಆಫೀಸಿಗೆ ಫೋನ್ ಮಾಡಿ ಹೇಳಿ, ಬಂದು ತಗೊಂಡು ಹೋಗುತ್ತಾರೆ. ಕೊಡೋಕೆ ಮುಂಚೆ ಮೊಬೈಲಲ್ಲಿ ಫೋಟೊ ಹೊಡೆದು ಇಟ್ಟುಕೊಳ್ಳೋದೂ ಬೇಡ.